ಜೋ ಬರೋ ಕಾಲೇಜ್ ಕೆರಿಯರ್: ಮೂರು ವರ್ಷ ಬೆಂಚು, ಎರಡು ವರ್ಷ ಆಟ. ಈ ಲೆಕ್ಕ ಹೇಗೆ?

ನಾಲ್ಕನೇ_ಡೌನ್
ಅಮೆರಿಕದ ಕಾಲೇಜ್ ಫುಟ್‌ಬಾಲ್ ನೋಡೋರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಕೇಳ್ತಿದೀನಿ. ಜೋ ಬರೋ ಕ್ವಾರ್ಟರ್‌ಬ್ಯಾಕ್, ಅಂದ್ರೆ ಚೆಂಡು ಎಸೆದು ಆಟ ನಡೆಸೋನು. ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ ಇದ್ದ. ಅಷ್ಟೂ ವರ್ಷ ಸೇರಿಸಿ ಎಸೆದಿದ್ದು 39 ಪಾಸ್, 287 ಯಾರ್ಡ್, 2 ಟಚ್‌ಡೌನ್ (ಎದುರಾಳಿಯ ಕೊನೇ ಗೆರೆ ದಾಟಿಸಿ ಗಳಿಸೋ ಅಂಕ). ಆಮೇಲೆ ಎಲ್‌ಎಸ್‌ಯುಗೆ (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ಹೋದ. 2018ರಲ್ಲಿ 2,894 ಯಾರ್ಡ್, 16 ಟಚ್‌ಡೌನ್. ಪರವಾಗಿಲ್ಲ ಅನ್ನೋ ಮಟ್ಟ, ಅಷ್ಟೇ. 2019ರಲ್ಲಿ ಅದೇ ಹುಡುಗ 5,671 ಯಾರ್ಡ್, 60 ಟಚ್‌ಡೌನ್, ಬರೀ 6 ಇಂಟರ್‌ಸೆಪ್ಶನ್ (ಎದುರಾಳಿ ಕೈಗೆ ಸಿಕ್ಕ ಪಾಸ್). 15ಕ್ಕೆ 15 ಗೆಲುವು, ವರ್ಷದ ಅತ್ಯುತ್ತಮ ಕಾಲೇಜ್ ಆಟಗಾರನಿಗೆ ಕೊಡೋ ಹೈಸ್ಮನ್ ಟ್ರೋಫಿ, ರಾಷ್ಟ್ರೀಯ ಚಾಂಪಿಯನ್‌ಶಿಪ್. ಮುಂದಿನ ಏಪ್ರಿಲ್‌ನಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸಬರನ್ನ ಆರಿಸಿಕೊಳ್ಳೋದು) ಮೊದಲ ಹೆಸರು.

ಎರಡು ಪ್ರಶ್ನೆ. ಒಂದು, ಮೂರು ವರ್ಷ ಒಂದು ಕಡೆ, ಎರಡು ವರ್ಷ ಇನ್ನೊಂದು ಕಡೆ ಆಡೋಕೆ ನಿಯಮ ಹೇಗೆ ಬಿಡ್ತು? ಎರಡು, ಒಹಾಯೋ ಸ್ಟೇಟ್‌ನವರು ಇವನನ್ನ ಗುರುತಿಸೋದ್ರಲ್ಲಿ ಎಡವಿದ್ರಾ?

ಗಡಿಯಾರ_ಪುರಾಣ
ಮೊದಲನೇದಕ್ಕೆ ಉತ್ತರ. ಕಾಲೇಜ್ ಕ್ರೀಡೆ ನಡೆಸೋ ಸಂಸ್ಥೆ ಎನ್‌ಸಿಎಎ. ಬರೋ ಕಾಲದ ಅದರ ನಿಯಮದಲ್ಲಿ ಐದು ವರ್ಷದ ಗಡಿಯಾರ, ಅದರೊಳಗೆ ನಾಲ್ಕು ಸೀಸನ್ ಆಟ. ಯಾವುದೇ ಕಾಲೇಜಿಗೆ ಫುಲ್ ಟೈಮ್ ಸೇರಿದ ದಿನ ಗಡಿಯಾರ ಶುರು. ಆಡಿದ್ರೂ ಓಡುತ್ತೆ, ಬೆಂಚಲ್ಲಿ ಕೂತ್ರೂ ಓಡುತ್ತೆ, ಕಾಲೇಜು ಬದಲಾಯಿಸಿದ್ರೂ ನಿಲ್ಲಲ್ಲ. ಆಡದೇ ಉಳಿಸಿಕೊಳ್ಳೋ ಆ ಒಂದು ವರ್ಷಕ್ಕೇ ರೆಡ್‌ಶರ್ಟ್ ಅನ್ನೋದು.

ಬರೋ ವಿಷಯಕ್ಕೆ ಹಾಕಿ ನೋಡಿ. 2015 ರೆಡ್‌ಶರ್ಟ್. 2016, 2017ರಲ್ಲಿ ಆಟ ಗೆದ್ದಾಗಿದೆ ಅನ್ನೋ ಹೊತ್ತಲ್ಲಿ ಒಳಗೆ ಬಂದು ನಾಲ್ಕು ಪಾಸ್ ಎಸೆದ್ರೂ ಎರಡು ಸೀಸನ್ ಖರ್ಚು. ಉಳಿದಿದ್ದು 2018, 2019. ಅಲ್ಲಿಗೆ ಐದು ವರ್ಷವೂ ಮುಗೀತು, ನಾಲ್ಕು ಸೀಸನ್ನೂ ಮುಗೀತು. ಒಂದು ದಿನವೂ ಪೋಲಾಗಿಲ್ಲ.

ಬೆಣ್ಣೆದೋಸೆ_ದಾವಣಗೆರೆ
ಟ್ರಾನ್ಸ್‌ಫರ್ ಪೋರ್ಟಲ್ ಇತ್ತಲ್ಲ, ಅದರಲ್ಲಿ ಹೆಸರು ಹಾಕಿ ಹೋದ. ಇದರಲ್ಲಿ ದೊಡ್ಡ ಗುಟ್ಟೇನಿದೆ?

ಗಡಿಯಾರ_ಪುರಾಣ
ಇಲ್ಲ ಸರ್, ಪೋರ್ಟಲ್ ಶುರುವಾಗಿದ್ದು 2018ರ ಅಕ್ಟೋಬರ್‌ನಲ್ಲಿ. ಬರೋ ಹೋಗಿದ್ದು ಅದೇ ವರ್ಷ ಮೇ ತಿಂಗಳಲ್ಲಿ. ಆಗಿನ ನಿಯಮದಲ್ಲಿ ಕಾಲೇಜು ಬದಲಾಯಿಸಿದ ಫುಟ್‌ಬಾಲ್ ಆಟಗಾರ ಒಂದು ವರ್ಷ ಸುಮ್ಮನೆ ಕೂರಬೇಕಿತ್ತು. ಕೂರದೇ ಇರೋಕೆ ಇದ್ದ ರಾಜಮಾರ್ಗ ಒಂದೇ, ಡಿಗ್ರಿ ಮುಗಿಸಿರಬೇಕು. ಅದಕ್ಕೆ ಗ್ರ್ಯಾಜುಯೇಟ್ ಟ್ರಾನ್ಸ್‌ಫರ್ ಅಂತಾರೆ. ಬರೋ ಮೂರೇ ವರ್ಷದಲ್ಲಿ ಡಿಗ್ರಿ ಮುಗಿಸಿದ್ದ. ನನ್ನ ಕೇಳಿದ್ರೆ ಅವನ ಕೆರಿಯರ್‌ನ ಕೀಲಿ ಇರೋದು ಇಲ್ಲೇ. ಆ 60 ಟಚ್‌ಡೌನ್ ಆಮೇಲಿನ ಮಾತು.

ಬೆಣ್ಣೆದೋಸೆ_ದಾವಣಗೆರೆ
ಓ, ಸರಿ. ಪೋರ್ಟಲ್ ಮೊದಲಿಂದಲೂ ಇತ್ತು ಅಂದುಕೊಂಡಿದ್ದೆ.

ಹುಬ್ಬಳ್ಳಿ_ಹಡಲ್
ಎರಡನೇ ಪ್ರಶ್ನೆಗೆ ನಾ ಹೇಳ್ತೀನ್ರಿ. ಒಹಾಯೋ ಸ್ಟೇಟ್‌ನವರು ಕುರುಡರಿದ್ರು ಅನ್ನೋದು ಖರೆ ಅಲ್ಲ. 2017ರ ಸೀಸನ್ ಶುರು ಆಗೂ ಮುಂಚೆ ಬರೋನ ಕೈ ಎಲುಬು ಮುರೀತು. ಅಷ್ಟರಾಗ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಡ್ವೇನ್ ಹ್ಯಾಸ್ಕಿನ್ಸ್ ಎರಡನೇ ನಂಬರ್ ಹಿಡದ. ಆ ನವೆಂಬರ್‌ನಾಗ ಮಿಶಿಗನ್ ಮ್ಯಾಚಿನ್ಯಾಗ ಮೊದಲನೇ ನಂಬರ್ ಜೆ.ಟಿ. ಬ್ಯಾರೆಟ್‌ಗೆ ಪೆಟ್ಟಾತು, ಹ್ಯಾಸ್ಕಿನ್ಸ್ ಒಳಗ ಬಂದು 31-20 ಗೆಲ್ಲಿಸಿ ಕೊಟ್ಟ. ಕೈ ಮುರೀದೇ ಇದ್ದಿದ್ರ ಅವತ್ತು ಬರೋನೇ ಒಳಗ ಬರಾಂವ ಇದ್ದ ಅಂತ ಹೇಳೋರು ಭಾಳ ಮಂದಿ ಅದಾರ.

ಮುಂದ 2018ರಾಗ ಹ್ಯಾಸ್ಕಿನ್ಸ್ ಏನ್ ಮಾಡಿದ ಗೊತ್ತೇನ್ರಿ? 4,831 ಯಾರ್ಡ್, 50 ಟಚ್‌ಡೌನ್, 8 ಇಂಟರ್‌ಸೆಪ್ಶನ್. ತಂಡ 13 ಗೆದ್ದು 1 ಸೋತು, ಸೀಸನ್ ಕೊನೀಗೆ ಆಡೋ ದೊಡ್ಡ ಪಂದ್ಯ ರೋಸ್ ಬೌಲ್ ಗೆದ್ರು. ಅದೇ ವರ್ಷ ಬರೋಂದು 16 ಟಚ್‌ಡೌನ್. ಅವಾಗ ಯಾರರ ಬಂದು ‘ತಪ್ಪು ಹುಡುಗನ್ನ ಇಟ್ಕೊಂಡ್ರಿ’ ಅಂದಿದ್ರ ಯಾರೂ ಕಿವಿ ಕೊಡ್ತಿರಲಿಲ್ಲ.

ಅಂಕಿ_ಅಂಶ
ಇದನ್ನ ಹೇಳಿದ್ದಕ್ಕೆ ಧನ್ಯವಾದ. 2019ರಲ್ಲಿ ಒಹಾಯೋ ಸ್ಟೇಟ್‌ಗೆ ಜಸ್ಟಿನ್ ಫೀಲ್ಡ್ಸ್ ಬಂದ, 41 ಟಚ್‌ಡೌನ್ ಪಾಸ್, 3 ಇಂಟರ್‌ಸೆಪ್ಶನ್. ಅವರೇನೂ ಬರಿಗೈಯಲ್ಲಿ ಕೂತಿರಲಿಲ್ಲ.

ನಾಲ್ಕನೇ_ಡೌನ್
ಹಾಗಾದ್ರೆ 16ರಿಂದ 60ಕ್ಕೆ ಹಾರಿದ್ದು ಹೇಗೆ? ಒಂದೇ ಚಳಿಗಾಲದಲ್ಲಿ ತೋಳು ಬದಲಾಗಲ್ಲವಲ್ಲ.

ಮೂರಕ್ಕೆ_ಹದಿನೇಳು
ತೋಳು ಬದಲಾಗಲಿಲ್ಲ, ಮೈದಾನದ ಜೋಡಣೆ ಬದಲಾಯ್ತು. 2019ಕ್ಕೆ ನ್ಯೂ ಓರ್ಲಿಯನ್ಸ್ ಸೇಂಟ್ಸ್ ತಂಡದಿಂದ ಜೋ ಬ್ರೇಡಿ ಅನ್ನೋ ಯುವ ಕೋಚ್ ಪಾಸಿಂಗ್ ವಿಭಾಗಕ್ಕೆ ಬಂದ. ಮುಖ್ಯ ಕೋಚ್ ಎಡ್ ಓರ್ಜರಾನ್, ಅಫೆನ್ಸ್ ಕೋಆರ್ಡಿನೇಟರ್ ಸ್ಟೀವ್ ಎನ್ಸ್‌ಮಿಂಗರ್ ಮೊದಲಿನವರೇ.

ಬದಲಾಗಿದ್ದು ಇದು: ಕ್ವಾರ್ಟರ್‌ಬ್ಯಾಕ್‌ನ ಕಾಯೋಕೆ ಮುಂದಿನ ಸಾಲಿನ, ಅಂದ್ರೆ ಲೈನ್‌ನ ಐದು ಜನ ಮಾತ್ರ, ಮಿಕ್ಕ ಐವರೂ ಪಾಸ್ ಹಿಡಿಯೋಕೆ ಓಡೋದು. ಮೊದಲು ಟೈಟ್ ಎಂಡ್ (ಲೈನ್ ಪಕ್ಕ ನಿಲ್ಲೋನು), ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡೋನು) ಕಾವಲಿಗೆ ಒಳಗೇ ಉಳೀತಿದ್ರು. ಐವರೂ ಹೊರಗೆ ಹೋದ್ರೆ ಎದುರಾಳಿ ಅಷ್ಟು ಅಗಲಕ್ಕೆ ಹರಡಿಕೊಳ್ಳಬೇಕು, ಯಾರು ಯಾರನ್ನ ಕಾಯ್ತಿದಾರೆ ಅಂತ ಚೆಂಡು ಕೈಗೆ ಬರೋ ಮುಂಚೆಯೇ ಕಾಣುತ್ತೆ. ಅಪಾಯ ಏನಪ್ಪಾ ಅಂದ್ರೆ, ಎದುರಾಳಿ ಆರನೇ ಮನುಷ್ಯನ್ನ ನುಗ್ಗಿಸಿದ್ರೆ ಅವನನ್ನ ತಡೆಯೋಕೆ ಯಾರೂ ಇಲ್ಲ. ಆ ಆರನೆಯವನು ಎಲ್ಲಿಂದ ಬರ್ತಾನೆ, ಅವನು ಬಿಟ್ಟ ಜಾಗ ಯಾವುದು, ಅಲ್ಲಿಗೆ ಓಡ್ತಿರೋದು ಯಾರು, ಇಷ್ಟನ್ನೂ ಎರಡೂವರೆ ಸೆಕೆಂಡಿನೊಳಗೆ ಓದಬೇಕು. ಬರೋಗೆ ಈ ಓದು ಬರ್ತಿತ್ತು. ಅವನ ಅಪ್ಪ ಒಹಾಯೋ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಡಿಫೆನ್ಸ್ ಕೋಆರ್ಡಿನೇಟರ್ ಆಗಿದ್ದವರು ಅನ್ನೋದನ್ನ ಮರೀಬಾರದು.

ಕಾಫಿತೋಟ
ಅವನ ಪಾಸ್ ಹಿಡಿಯೋ ಜೊತೆಗಾರರನ್ನೂ ಹೇಳಿ! ಜಮಾರ್ ಚೇಸ್ 1,780 ಯಾರ್ಡ್, 20 ಟಚ್‌ಡೌನ್. ಜಸ್ಟಿನ್ ಜೆಫರ್ಸನ್ 111 ಕ್ಯಾಚ್, 1,540 ಯಾರ್ಡ್, 18 ಟಚ್‌ಡೌನ್. ರನ್ನಿಂಗ್ ಬ್ಯಾಕ್ ಕ್ಲೈಡ್ ಎಡ್ವರ್ಡ್ಸ್-ಹೆಲೇರ್ 55 ಕ್ಯಾಚ್ ಹಿಡಿದ. ಆ ಲೈನ್‌ಗೆ ದೇಶದ ಅತ್ಯುತ್ತಮ ಲೈನ್ ಅಂತ ಜೋ ಮೂರ್ ಪ್ರಶಸ್ತಿ ಬಂತು. 2020ರ ಡ್ರಾಫ್ಟ್‌ನಲ್ಲಿ ಆ ಒಂದೇ ತಂಡದಿಂದ 14 ಜನ ಆಯ್ಕೆಯಾದ್ರು. ಇಂಥ ತಂಡದಲ್ಲಿ ಯಾರಿದ್ರೂ ಗೆಲ್ತಿದ್ರು.

ಮೂರಕ್ಕೆ_ಹದಿನೇಳು
‘ಯಾರಿದ್ರೂ’ ಅನ್ನೋದನ್ನ ಒಪ್ಪಲ್ಲ. ಜೆಫರ್ಸನ್ 2018ರಲ್ಲೂ ಇದ್ದ, 875 ಯಾರ್ಡ್. ಚೇಸ್ ಕೂಡ ಇದ್ದ, 313 ಯಾರ್ಡ್.

ನನ್ನ ಹೆಸರಿಗೆ ಕಾರಣವಾದ ಆ ಒಂದು ಆಟ ನೋಡಿ. 2019 ಸೆಪ್ಟೆಂಬರ್ 7, ಆಸ್ಟಿನ್, ಟೆಕ್ಸಾಸ್ ಎದುರು. ಎಲ್‌ಎಸ್‌ಯು 37-31 ಮುಂದಿದೆ, ಉಳಿದಿರೋದು ಎರಡೂವರೆ ನಿಮಿಷದಷ್ಟು. ಮೂರನೇ ಡೌನ್ (10 ಯಾರ್ಡ್ ದಾಟೋಕೆ ಸಿಗೋ ನಾಲ್ಕು ಪ್ರಯತ್ನದಲ್ಲಿ ಮೂರನೇದು), ಹಿಂದೆ ಸರಿದಿದ್ದರಿಂದ ಬೇಕಿರೋದು 17 ಯಾರ್ಡ್. ಇಂಥ ಹೊತ್ತಲ್ಲಿ ಹೆಚ್ಚಿನ ಕೋಚ್‌ಗಳು ಮಾಡೋದು ಏನು? ಚೆಂಡನ್ನ ರನ್ನಿಂಗ್ ಬ್ಯಾಕ್ ಕೈಗಿಟ್ಟು ಗಡಿಯಾರ ಓಡಿಸಿ, ನಾಲ್ಕನೇ ಡೌನ್‌ನಲ್ಲಿ ಪಂಟ್ ಒದೆಯೋದು, ಅಂದ್ರೆ ಚೆಂಡನ್ನ ದೂರಕ್ಕೆ ಒದ್ದು ಎದುರಾಳಿಗೆ ಬಿಡೋದು. ಇವರು ಪಾಸ್‌ಗೆ ಹೋದ್ರು. ಟೆಕ್ಸಾಸ್ ಬ್ಲಿಟ್ಜ್ ಕಳಿಸ್ತು, ಅಂದ್ರೆ ಹೆಚ್ಚು ಜನರನ್ನ ಒಳಗೆ ನುಗ್ಗಿಸ್ತು. ಬರೋ ಹಿಂದಕ್ಕೆ ಓಡಲಿಲ್ಲ. ಹಿಂದಕ್ಕೆ ಓಡಿದ್ರೆ ಸ್ಯಾಕ್ ಖಚಿತ, ಎಸೆಯೋ ಮುಂಚೆಯೇ ಕೆಡವಿಬಿಡ್ತಾರೆ. ನುಗ್ಗಿದವರನ್ನ ತಪ್ಪಿಸಿ ಮುಂದಕ್ಕೆ, ಒಂದು ಬದಿಗೆ ಜರುಗಿದ. ಆ ಅರ್ಧ ಸೆಕೆಂಡಲ್ಲಿ ಜೆಫರ್ಸನ್ ಅಡ್ಡ ಬಂದ, ಚೆಂಡು ಕೈಸೇರ್ತು, 61 ಯಾರ್ಡ್ ಟಚ್‌ಡೌನ್. ಟಚ್‌ಡೌನ್ ಆದ್ಮೇಲೆ ಸಿಗೋ ಹೆಚ್ಚುವರಿ ಪ್ರಯತ್ನದಲ್ಲಿ ಇನ್ನೆರಡು ಪಾಯಿಂಟ್, 45-31. ಟೆಕ್ಸಾಸ್ ಇನ್ನೊಂದು ಹೊಡೆದು 45-38ಕ್ಕೆ ಮುಗೀತು. ಅವತ್ತು ಬರೋಂದು 471 ಯಾರ್ಡ್, 4 ಟಚ್‌ಡೌನ್.

ಆ ದಿನ ಟೆಕ್ಸಾಸ್ ಕೋಚ್ ಟಾಮ್ ಹರ್ಮನ್. ಹೈಸ್ಕೂಲ್ ಹುಡುಗ ಬರೋನ ಒಹಾಯೋ ಸ್ಟೇಟ್‌ಗೆ ಕರೆತರೋಕೆ ಓಡಾಡಿದ್ದವರು ಇವರೇ.

ಕಾಫಿತೋಟ
ಹರ್ಮನ್ ವಿಷಯ ನೆನಪೇ ಇರಲಿಲ್ಲ. ಆದ್ರೂ ತಂಡ ದೊಡ್ಡದು ಅನ್ನೋ ಮಾತಿಂದ ನಾನು ಹಿಂದೆ ಸರಿಯಲ್ಲ.

ಗೌತಮಪುರ_ಗೋಲಿ
ಒಂದು ಅನುಮಾನ. ಕೈಯಲ್ಲಿ ಎಸೆದು ಕೈಯಲ್ಲಿ ಹಿಡಿಯೋ ಆಟಕ್ಕೆ ಫುಟ್‌ಬಾಲ್ ಅಂತ ಯಾಕೆ? ಪೆಲೆಗೆ ಪ್ರತಿಮೆ ನಿಲ್ಲಿಸಿದ ಬೀದಿಯವರು ಕೇಳ್ತಿದೀವಿ.

ಅಂಕಿ_ಅಂಶ
ರಗ್ಬಿ, ಸಾಕರ್, ಇದು, ಮೂರೂ ಇಂಗ್ಲೆಂಡಿನ ಹಳೇ ಶಾಲಾ ಫುಟ್‌ಬಾಲ್ ಆಟಗಳಿಂದ ಕವಲೊಡೆದವು. ಮುಂದಕ್ಕೆ ಎಸೆಯೋ ಪಾಸ್‌ಗೆ ಅನುಮತಿ ಸಿಕ್ಕಿದ್ದೇ 1906ರಲ್ಲಿ. ಹೆಸರು ಅಷ್ಟರಲ್ಲಿ ಗಟ್ಟಿಯಾಗಿತ್ತು. ನಾಲ್ಕು ಪ್ರಯತ್ನದಲ್ಲಿ 10 ಯಾರ್ಡ್ ದಾಟಬೇಕು, ದಾಟಿದ್ರೆ ಮತ್ತೆ ನಾಲ್ಕು. ಇಷ್ಟು ತಿಳಿದ್ರೆ ನೋಡೋಕೆ ಕೂರಬಹುದು.

ಕೊಲಂಬಸ್_ಕಟ್ಟೆ
60 ಟಚ್‌ಡೌನ್ ಇವತ್ತಿಗೂ ದಾಖಲೆ ತಾನೆ?

ಅಂಕಿ_ಅಂಶ
ಈಗಲ್ಲ. ಬರೋ ಮುರಿದಿದ್ದು 2006ರ ಕೋಲ್ಟ್ ಬ್ರೆನನ್‌ನ 58. 2021ರಲ್ಲಿ ವೆಸ್ಟರ್ನ್ ಕೆಂಟಕಿಯ ಬೇಲಿ ಜ್ಯಾಪಿ 62 ಮಾಡಿ ಇವನದ್ದನ್ನ ಮುರಿದ, 5,967 ಯಾರ್ಡ್. ಎಸೆದ ಪಾಸ್‌ಗಳಲ್ಲಿ ತಲುಪಿದ್ದೆಷ್ಟು ಅನ್ನೋ ಶೇಕಡಾವಾರಿನಲ್ಲೂ ಗೊಂದಲ ಇದೆ. ಬರೋನ 76.3 ಅವತ್ತೂ ರಾಷ್ಟ್ರೀಯ ದಾಖಲೆ ಆಗಿರಲಿಲ್ಲ, 2008ರ ಕೋಲ್ಟ್ ಮೆಕಾಯ್ 76.7ರಲ್ಲಿದ್ದ.

ನಿಜಕ್ಕೂ ಅವನ ಕೈಲಿದ್ದ ದಾಖಲೆ ಪಾಸರ್ ರೇಟಿಂಗ್, ಅಂದ್ರೆ ಪಾಸ್ ಎಸೆಯೋದನ್ನ ಅಳೆಯೋ ಒಟ್ಟು ಅಂಕ. ಕಾಲೇಜ್ ಸೂತ್ರ ಎನ್‌ಎಫ್‌ಎಲ್ ಸೂತ್ರಕ್ಕಿಂತ ಬೇರೆ, ಕೈಯಲ್ಲೇ ಲೆಕ್ಕ ಹಾಕಬಹುದು. ಯಾರ್ಡ್ ಗುಣಿಸು 8.4, ಟಚ್‌ಡೌನ್ ಗುಣಿಸು 330, ತಲುಪಿದ ಪಾಸ್ ಗುಣಿಸು 100, ಮೂರನ್ನೂ ಕೂಡಿ. ಅದರಿಂದ ಇಂಟರ್‌ಸೆಪ್ಶನ್ ಗುಣಿಸು 200 ಕಳೀರಿ. ಬಂದಿದ್ದನ್ನ ಒಟ್ಟು ಎಸೆದ ಪಾಸ್‌ಗಳಿಂದ ಭಾಗಿಸಿ.

2019: 527 ಪಾಸ್ ಎಸೆದ, 402 ತಲುಪಿದವು.
47,636.4 + 19,800 + 40,200 − 1,200 = 1,06,436.4
ಭಾಗಿಸು 527 = 202.0

2018: 379ರಲ್ಲಿ 219.
24,309.6 + 5,280 + 21,900 − 1,000 = 50,489.6
ಭಾಗಿಸು 379 = 133.2

ಅದೇ ಮನುಷ್ಯ, ಅದೇ ಕಾಲೇಜು. ಮುಂದಿನ ವರ್ಷವೇ ಅಲಬಾಮಾದ ಮ್ಯಾಕ್ ಜೋನ್ಸ್ 203.1 ಮಾಡಿ ಇದನ್ನೂ ದಾಟಿದ.

ಬೆಣ್ಣೆದೋಸೆ_ದಾವಣಗೆರೆ
ಜ್ಯಾಪಿದು ಇದೇ ಸೂತ್ರದಲ್ಲಿ ಎಷ್ಟು?

ಅಂಕಿ_ಅಂಶ
168.9. ಅವನು ಎಸೆದಿದ್ದು 686 ಪಾಸ್. ಟಚ್‌ಡೌನ್ ಜಾಸ್ತಿ, ಆದ್ರೆ ಭಾಗಿಸೋ ಸಂಖ್ಯೆಯೂ ದೊಡ್ಡದು.

ಹುಬ್ಬಳ್ಳಿ_ಹಡಲ್
ನೀವು ಹಿಂಗ ಲೆಕ್ಕ ಬಿಡಿಸಿ ಕೊಟ್ರ ಓದಾಕ ಖುಷಿ ಅನಸ್ತೈತಿ ನೋಡ್ರಿ.

ಕೊಲಂಬಸ್_ಕಟ್ಟೆ
ಈ ಡಿಗ್ರಿ ವಿಷಯ ಯಾರಾದ್ರೂ ಬಿಡಿಸಿ ಹೇಳಿ. ಅಷ್ಟೆಲ್ಲ ಪ್ರಾಕ್ಟೀಸ್ ಮಧ್ಯೆ ಮೂರು ವರ್ಷದಲ್ಲಿ ಡಿಗ್ರಿ ಹೇಗೆ ಮುಗಿಯುತ್ತೆ? ಆಟಗಾರರಿಗೆ ಸುಮ್ಮನೆ ಪಾಸ್ ಮಾಡ್ತಾರೆ ಅಂತ ಕೇಳಿದೀನಿ.

ಕ್ರೆಡಿಟ್_ಶಾನುಭೋಗ
ಸುಮ್ಮನೆ ಪಾಸ್ ಮಾಡಿಬಿಟ್ಟು ದಕ್ಕಿಸಿಕೊಳ್ಳೋದು ಸುಲಭವಲ್ಲ, ಸಿಕ್ಕಿಬಿದ್ರೆ ಗೆದ್ದ ಪಂದ್ಯಗಳನ್ನೇ ದಾಖಲೆಯಿಂದ ತೆಗೀತಾರೆ. ನಿಯಮ ಹೀಗಿದೆ. ಪ್ರತಿ ಸೆಮಿಸ್ಟರ್ ಕನಿಷ್ಠ 12 ಕ್ರೆಡಿಟ್‌ಗೆ ಸೇರಿರಬೇಕು. ಮೂರನೇ ವರ್ಷ ಶುರುವಾಗೋ ಹೊತ್ತಿಗೆ ಡಿಗ್ರಿಯ ಶೇಕಡ 40, ನಾಲ್ಕನೇ ವರ್ಷಕ್ಕೆ 60, ಐದನೇ ವರ್ಷಕ್ಕೆ 80 ಮುಗಿದಿರಬೇಕು. ತಪ್ಪಿದ್ರೆ ಆಡೋ ಹಾಗಿಲ್ಲ.

ಸಾಮಾನ್ಯ ಡಿಗ್ರಿ 120 ಕ್ರೆಡಿಟ್. ಆರು ಸೆಮಿಸ್ಟರ್‌ಗೆ 15ರಂತೆ 90. ಉಳಿದ 30 ಬೇಸಿಗೆ ತರಗತಿಯಿಂದ ಬರಬೇಕು, ಮೂರು ಬೇಸಿಗೆಗೆ ಹತ್ತು ಹತ್ತು. ದೊಡ್ಡ ತಂಡಗಳ ಫುಟ್‌ಬಾಲ್ ಹುಡುಗರು ಬೇಸಿಗೆಯಲ್ಲೂ ಕ್ಯಾಂಪಸ್‌ನಲ್ಲೇ ಇರ್ತಾರೆ, ಸ್ಕಾಲರ್‌ಶಿಪ್ ಸಾಮಾನ್ಯವಾಗಿ ಆ ಶುಲ್ಕವನ್ನೂ ಕಟ್ಟುತ್ತೆ. ಹಾಗಾಗಿ ಲೆಕ್ಕ ಕೂಡುತ್ತೆ.

ಕೈಕೊಡೋದು ಎಲ್ಲಿ ಅಂದ್ರೆ, ಎರಡನೇ ವರ್ಷದಲ್ಲಿ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಬದಲಾಯಿಸಿದಾಗ. ಹಳೇ ಕ್ರೆಡಿಟ್ ಹೊಸ ಡಿಗ್ರಿಗೆ ಲೆಕ್ಕಕ್ಕೆ ಬರಲ್ಲ, ಶೇಕಡಾವಾರು ಕುಸಿಯುತ್ತೆ. ಇನ್ನೊಂದು, ಮಧ್ಯಾಹ್ನದ ಪ್ರಯೋಗಾಲಯ ತರಗತಿಗಳು. ಪ್ರಾಕ್ಟೀಸ್ ಸಮಯಕ್ಕೆ ಡಿಕ್ಕಿ ಹೊಡೆಯೋದ್ರಿಂದ ಎಂಜಿನಿಯರಿಂಗ್, ವಿಜ್ಞಾನ ತಗೊಳ್ಳೋರು ಕಮ್ಮಿ. ಬರೋ ಓದಿದ್ದು ಕುಟುಂಬ ಹಣಕಾಸಿನ ವಿಷಯ.

ನಾಲ್ಕನೇ_ಡೌನ್
ವಾರಕ್ಕೆ 20 ಗಂಟೆ ಮಾತ್ರ ಪ್ರಾಕ್ಟೀಸ್ ಅನ್ನೋ ನಿಯಮ ಇದೆಯಲ್ಲ?

ಕ್ರೆಡಿಟ್_ಶಾನುಭೋಗ
ಇದೆ. ಸೀಸನ್‌ನಲ್ಲಿ ವಾರಕ್ಕೆ 20, ದಿನಕ್ಕೆ 4, ವಾರದಲ್ಲಿ ಒಂದು ದಿನ ರಜೆ. ಆದ್ರೆ ಪಂದ್ಯದ ದಿನ ಎಷ್ಟೇ ಹೊತ್ತಾದ್ರೂ 3 ಗಂಟೆ ಅಂತಲೇ ಬರೆಯೋದು. ಪ್ರಯಾಣ, ಫಿಸಿಯೋ, ತಾವಾಗೇ ಕೂತು ನೋಡೋ ವಿಡಿಯೋ ಲೆಕ್ಕಕ್ಕೇ ಇಲ್ಲ. ಕ್ವಾರ್ಟರ್‌ಬ್ಯಾಕ್‌ಗೆ ಆ ವಿಡಿಯೋನೇ ಅರ್ಧ ಕೆಲಸ. ಇದು ಅನ್ಯಾಯ ಅಂತ ನನ್ನ ಗಟ್ಟಿ ಅಭಿಪ್ರಾಯ.

ಕಾಫಿತೋಟ
ಅದಕ್ಕೆ ತಕ್ಕ ದುಡ್ಡೂ ಇರಲಿಲ್ಲ. ಹೆಸರು, ಮುಖ ಬಳಸಿ ಸಂಪಾದಿಸೋಕೆ ಬಿಟ್ಟಿದ್ದು 2021 ಜುಲೈ 1ರಿಂದ. ಬರೋಗೆ ಎಲ್‌ಎಸ್‌ಯುನಲ್ಲಿ ಅದರ ಒಂದು ಕಾಸೂ ಸಿಗಲಿಲ್ಲ. ಕೊನೇ ತವರು ಪಂದ್ಯಕ್ಕೆ ಹೆಸರನ್ನ ಲೂಸಿಯಾನಾದ ಫ್ರೆಂಚ್ ಕಾಗುಣಿತದಲ್ಲಿ ಬರೆದ ಜರ್ಸಿ ತೊಟ್ಟು ಬಂದನಲ್ಲ, ಉಚ್ಚಾರ ಅದೇ, ಅಕ್ಷರ ಬೇರೆ. ಇವತ್ತಾಗಿದ್ರೆ ಆ ಜರ್ಸಿಯೊಂದರಿಂದಲೇ ದುಡೀತಿದ್ದ.

ಹುಬ್ಬಳ್ಳಿ_ಹಡಲ್
ಖರೆ. ಆದ್ರ ಹೈಸ್ಮನ್ ಭಾಷಣದಾಗ ಅವಾ ತನ್ನ ಬಗ್ಗೆ ಅಷ್ಟ ಹೇಳ್ಕೊಳ್ಳಲಿಲ್ಲ. ಒಹಾಯೋದ ತನ್ನೂರು ಆಥೆನ್ಸ್ ಕಡೆ ಮಕ್ಕಳು ಹಸಕೊಂಡು ಸಾಲಿಯಿಂದ ಮನಿಗೆ ಬರ್ತಾರ ಅಂದ. ಮುಂದ ನಾಕೈದು ದಿನದಾಗ ಅಲ್ಲಿನ ಆಹಾರ ಭಂಡಾರಕ್ಕ ಲಕ್ಷಗಟ್ಟಲೆ ಡಾಲರ್ ಬಂತು.

ಕೊಲಂಬಸ್_ಕಟ್ಟೆ
ಇಲ್ಲಿನ ನಮ್ಮ ಕನ್ನಡದ ಮಕ್ಕಳೂ ಹೈಸ್ಕೂಲ್ ತಂಡಗಳಲ್ಲಿ ಆಡ್ತಾರೆ. ಎಚ್-4 ವೀಸಾದಲ್ಲಿರೋ, ಅಂದ್ರೆ ಅಪ್ಪ ಅಥವಾ ಅಮ್ಮನ ಕೆಲಸದ ವೀಸಾ ಆಧಾರದ ಮೇಲೆ ಇರೋ ಹುಡುಗನಿಗೆ ಕಾಲೇಜ್ ಕೋಚ್ ಕರೆದ್ರೆ ಸ್ಕಾಲರ್‌ಶಿಪ್ ತಗೋಬಹುದಾ?

ಕ್ರೆಡಿಟ್_ಶಾನುಭೋಗ
ಸ್ಕಾಲರ್‌ಶಿಪ್ ತಗೋಬಹುದು, ಅದು ಉದ್ಯೋಗ ಅಲ್ಲ. ಜಾಹೀರಾತಿನ ದುಡ್ಡಲ್ಲೇ ತೊಡಕು. ಎಚ್-4 ಮಕ್ಕಳಿಗೆ ದುಡಿಯೋ ಅನುಮತಿಯೇ ಇಲ್ಲ. 21 ತುಂಬಿದ್ರೆ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗಬೇಕು, ಅಲ್ಲೂ ಕ್ಯಾಂಪಸ್ ಹೊರಗಿನ ಕೆಲಸಕ್ಕೆ ಕಟ್ಟುಪಾಡು. ಅಂಗಡಿ ಉದ್ಘಾಟನೆ, ಪ್ರಚಾರದ ವಿಡಿಯೋ, ಇನ್‌ಸ್ಟಾಗ್ರಾಮ್ ಪೋಸ್ಟ್‌ಗೆ ದುಡ್ಡು ತಗೊಂಡ್ರೆ ವೀಸಾಕ್ಕೇ ಕುತ್ತು. ವಲಸೆ ವಕೀಲರನ್ನ ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಿಸಬೇಡಿ. ಕೋಚ್ ‘ಏನೂ ಆಗಲ್ಲ’ ಅಂದ್ರೆ ಅದು ಕಾನೂನಿನ ಮಾತಲ್ಲ.

ಇನ್ನೂ ಮುಖ್ಯವಾದದ್ದು, ಎನ್‌ಸಿಎಎ ಮೇಲಿನ ವಿಭಾಗದಲ್ಲಿ ಆಡೋಕೆ ಹೈಸ್ಕೂಲಿನಲ್ಲಿ 16 ಕೋರ್ ವಿಷಯ ಬೇಕು, ಅದರಲ್ಲಿ 10 ಕೊನೇ ವರ್ಷ ಶುರುವಾಗೋ ಮುಂಚೆ ಮುಗಿದಿರಬೇಕು, ಆ ಕೋರ್ ವಿಷಯಗಳ ಸರಾಸರಿ ಗ್ರೇಡ್ (ಜಿಪಿಎ) ಕನಿಷ್ಠ 2.3. ನಮ್ಮವರ ಮಕ್ಕಳಿಗೆ ಅಂಕ ತೊಂದರೆ ಆಗಲ್ಲ. ಎಂಟನೇ, ಒಂಬತ್ತನೇ ಕ್ಲಾಸು ಬೆಂಗಳೂರಲ್ಲಿ ಓದಿ ಬಂದಿದ್ರೆ ಕಾಗದಪತ್ರ ತಡ ಆಗುತ್ತೆ. ಒಂಬತ್ತನೇದರ ಮೂಲ ಅಂಕಪಟ್ಟಿ ಮೊದಲೇ ತರಿಸಿಟ್ಟುಕೊಳ್ಳಿ.

ಕೊಲಂಬಸ್_ಕಟ್ಟೆ
ಇದು ತುಂಬ ಜನಕ್ಕೆ ಗೊತ್ತಿಲ್ಲ ಸರ್. ನಮ್ಮ ಕೂಟದ ಗುಂಪಿಗೆ ಹಾಕ್ತೀನಿ.

ಬೆಣ್ಣೆದೋಸೆ_ದಾವಣಗೆರೆ
ಮತ್ತೆ ಬರೋಗೆ ಬರ್ತೀನಿ. ನಾಲ್ಕು ಪಂದ್ಯದವರೆಗೆ ಆಡಿದ್ರೂ ಸೀಸನ್ ಖರ್ಚಾಗಲ್ಲ ಅನ್ನೋ 2018ರ ನಿಯಮ ಮೊದಲೇ ಇದ್ದಿದ್ರೆ, 2017 ಉಳಿದು 2020ರಲ್ಲೂ ಆಡ್ತಿದ್ದನಲ್ಲ?

ಗಡಿಯಾರ_ಪುರಾಣ
ಆಡ್ತಿರಲಿಲ್ಲ. ಆ ನಿಯಮ ಸೀಸನ್ ಉಳಿಸುತ್ತೆ, ಗಡಿಯಾರ ನಿಲ್ಲಿಸಲ್ಲ. 2015ರಿಂದ ಎಣಿಸಿದ್ರೆ ಐದನೇ ವರ್ಷ 2019. ಸೀಸನ್ ಉಳಿದಿದ್ರೂ ಆಡೋಕೆ ವರ್ಷ ಇರ್ತಿರಲಿಲ್ಲ.

ಕಾಫಿತೋಟ
ಕೋವಿಡ್ ವರ್ಷ?

ಗಡಿಯಾರ_ಪುರಾಣ
2020ರ ಸೀಸನ್ ಲೆಕ್ಕಕ್ಕಿಲ್ಲ ಅಂದಿದ್ದು ಆಗ ಆಡ್ತಿದ್ದವರಿಗೆ. ಬರೋ ಅಷ್ಟೊತ್ತಿಗೆ ಸಿನ್ಸಿನಾಟಿಯ ಎನ್‌ಎಫ್‌ಎಲ್ ತಂಡದಲ್ಲಿದ್ದ.

ನಾಲ್ಕನೇ_ಡೌನ್
ಕೊನೇದಾಗಿ ಒಂದು. ಈಗ ಎಷ್ಟು ಸಲ ಬೇಕಾದ್ರೂ ಕಾಲೇಜು ಬದಲಾಯಿಸಿ ಕೂಡಲೇ ಆಡಬಹುದು, ಡಿಗ್ರಿ ಬೇಕಿಲ್ಲ. ಅವತ್ತು ಬರೋ ಕೈಯಲ್ಲಿ ಡಿಗ್ರಿ ಇರಲಿಲ್ಲ ಅಂತಿಟ್ಟುಕೊಳ್ಳಿ. ಏನಾಗ್ತಿತ್ತು?

ಗಡಿಯಾರ_ಪುರಾಣ
ವಿನಾಯಿತಿ ಸಿಗದೇ ಹೋಗಿದ್ರೆ 2018 ಪೂರ್ತಿ ಬೆಂಚು. ಪ್ರಾಕ್ಟೀಸ್ ಮಾಡಬಹುದು, ಪಂದ್ಯ ಇಲ್ಲ. ಗಡಿಯಾರ ಓಡ್ತಾನೇ ಇರ್ತಿತ್ತು. ಉಳಿಯೋದು 2019 ಒಂದೇ ಸೀಸನ್. ಕಾಲೇಜ್‌ನಲ್ಲಿ ಒಂದು ಪಂದ್ಯಕ್ಕೂ ಮೊದಲಿಂದ ಇಳಿಯದ, ಬರೀ 39 ಪಾಸ್ ಎಸೆದ ಹುಡುಗ ಸೀಸನ್ ಶುರು ಮಾಡಿ, ಎರಡನೇ ಪಂದ್ಯಕ್ಕೇ ಆಸ್ಟಿನ್‌ಗೆ ಹೋಗಬೇಕಿತ್ತು.

ಮೂರಕ್ಕೆ_ಹದಿನೇಳು
ಹಾಗಾದ್ರೆ 2018ರ ಆ 379 ಪಾಸ್ ಇರ್ತಿರಲಿಲ್ಲ. ಏಳು ಓವರ್‌ಟೈಮ್ ಆಡಿ 74-72ಕ್ಕೆ ಸೋತ ಟೆಕ್ಸಾಸ್ ಎ ಆ್ಯಂಡ್ ಎಂ ಪಂದ್ಯ ಇರ್ತಿರಲಿಲ್ಲ. ಫಿಯೆಸ್ಟಾ ಬೌಲ್‌ನಲ್ಲಿ ಇಂಟರ್‌ಸೆಪ್ಶನ್ ಆದಮೇಲೆ ಕಾಣದ ಬದಿಯಿಂದ ಬಂದ ಆ ಭಾರಿ ಹೊಡೆತ, ಅದನ್ನ ತಿಂದು ಎದ್ದು ಎಸೆದ ನಾಲ್ಕು ಟಚ್‌ಡೌನ್, ಅದೂ ಇರ್ತಿರಲಿಲ್ಲ. 133.2 ಅಂತ ಮೇಲೆ ಲೆಕ್ಕ ಹಾಕಿದ್ರಲ್ಲ, ಬ್ಲಿಟ್ಜ್ ಬಂದಾಗ ಹಿಂದಕ್ಕೆ ಓಡಬಾರದು ಅನ್ನೋದನ್ನ ಅವನು ಕಲಿತಿದ್ದು ಆ ವರ್ಷದಲ್ಲೇ.